ಅತ್ತೆ ಎಳೆಯದ ಮೂರು ಗೆರೆಗಳು

ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಅಕ್ಕಲಕೋಟೆಯ ಭೂಮಾಪನ ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಟ್ರೇಸರ್ ಆಗಿದ್ದಳು. ಹಳೆಯದಾಗಿ ಹರಿಯತೊಡಗಿದ ಹಳ್ಳಿಗಳ ನಕಾಶೆಯ ಮೇಲೆ ತೆಳುವಾದ ಪಾರದರ್ಶಕ ಹಾಳೆ ಹಾಸಿ, ಹೊಲದ ಬದು, ಹಳ್ಳ, ಬಂಡಿದಾರಿ, ಬಾವಿ ಎಲ್ಲವನ್ನೂ ಮಸಿಯಲ್ಲಿ ಮತ್ತೆ ಎಳೆಯುವುದು ಆಕೆಯ ಕೆಲಸ. ದುಧನಿಯ ಕಡೆಯ ಎಷ್ಟೋ ಊರುಗಳನ್ನು ಆಕೆ ಕಣ್ಣಿಂದ ನೋಡಿರಲೇ ಇಲ್ಲ. ಆದರೆ ಅಲ್ಲಿ ಯಾವ ಬದು ಎಲ್ಲಿ ಮುರಿದು ಯಾವ ಕಡೆ ತಿರುಗುತ್ತದೆ ಎಂಬುದು ಆಕೆಯ ಬೆರಳಿಗೆ ಗೊತ್ತಿತ್ತು. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಎಂದು ನಾವು ಕೇಳಲಿಲ್ಲ, ಆಕೆ ಹೇಳಲೂ ಇಲ್ಲ. ನಿವೃತ್ತಿಯಾದ ಮೇಲೆ ಪೇಟೆಯ ಹಿಂದಿನ ಓಣಿಯಲ್ಲಿ ಮಹಡಿಯ ಮೇಲಿನ ಎರಡು ಕೋಣೆ ಬಾಡಿಗೆಗೆ ಹಿಡಿದಳು. ಬೆಳಿಗ್ಗೆ ಗುಡಿ, ಸಂಜೆ ಭಜನಾ ಮಂಡಳಿ, ನಡುವೆ ಮರಾಠಿ ಪತ್ರಿಕೆಯ ಪದಬಂಧ. ಆದರೂ ಮಧ್ಯಾಹ್ನಗಳು ಉದ್ದವಾಗಿಯೇ ಉಳಿಯುತ್ತಿದ್ದವು ಎಂದು ಒಮ್ಮೆ ಅಂದಿದ್ದಳು.

ಆಕೆಯ ತಮ್ಮನ ಮಗಳಾದ ನಾನು ಸೊಲ್ಲಾಪುರದ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತೇನೆ. ಕಲಿಸುವುದು ಮರಾಠಿಯಲ್ಲಿ, ಮನೆಯ ಮಾತು ಕನ್ನಡ. ನಲವತ್ತು ದಾಟುತ್ತಿದ್ದಾಗ ಪಿಎಚ್‌ಡಿಗೆ ಸೇರಿಕೊಂಡೆ. ನಮ್ಮ ಭಾಗದಲ್ಲಿ ಈ ವಿಷಯದವರು ಸಾಮಾನ್ಯವಾಗಿ ಭೀಮಾ ನದಿಯ ದಂಡೆಯನ್ನೋ ಮಳೆಯ ಲೆಕ್ಕವನ್ನೋ ಹಿಡಿಯುತ್ತಾರೆ. ನಾನು ಹಟಕ್ಕೆ ಬಿದ್ದು ಗುರುಗ್ರಹದ ಚಂದ್ರ ಯುರೋಪಾವನ್ನು ಹಿಡಿದೆ. ಅದರ ಮೈಯೆಲ್ಲ ಹಿಮ. ಆ ಹಿಮದ ಕೆಳಗೆ ಸಮುದ್ರವಿದೆ ಎನ್ನುತ್ತಾರೆ. ಮೂರೂವರೆ ದಿನಕ್ಕೊಮ್ಮೆ ಅದು ಗುರುವನ್ನು ಸುತ್ತುತ್ತದೆ. ಸುತ್ತುವಾಗ ಒಮ್ಮೆ ಸ್ವಲ್ಪ ಹತ್ತಿರ ಬರುತ್ತದೆ, ಒಮ್ಮೆ ಸ್ವಲ್ಪ ದೂರ ಹೋಗುತ್ತದೆ. ಗುರುವಿನ ಸೆಳೆತ ಅದನ್ನು ಹಿಗ್ಗಿಸಿ ಕುಗ್ಗಿಸುವುದರಿಂದ ಹಿಮದ ಮೈ ಬಿರಿಯುತ್ತದೆ. ಬಿರಿದ ಕಡೆ ಒಂದು ಮಗ್ಗುಲು ಇನ್ನೊಂದರ ಪಕ್ಕದಲ್ಲಿ ಜಾರಿಕೊಂಡು ಹೋಗಿರುತ್ತದೆ. ಶಾಲೆಯ ಪುಸ್ತಕದ ಕನ್ನಡದಲ್ಲಿ ಇದಕ್ಕೆ ಸ್ತರಭಂಗ ಎಂದು ಹೆಸರು. ದಶಕಗಳ ಹಿಂದೆ ಅಲ್ಲಿಗೆ ಹೋದ ನೌಕೆ ತೆಗೆದ ಚಿತ್ರಗಳು ಯಾರಿಗೆ ಬೇಕಾದರೂ ಸಿಗುತ್ತಿದ್ದವು. ಸೊಲ್ಲಾಪುರದಲ್ಲಿ ಕೂತೇ ಮಾಡಬಹುದಾದ ಕೆಲಸ ಅದು.

ಚಿತ್ರದ ಮೇಲೆ ಒಂದೊಂದೇ ಗೆರೆಯನ್ನು ಗುರುತಿಸಿ ನಕಾಶೆ ಮಾಡುವುದು ನನಗೆ ಕಷ್ಟವಾಯಿತು. ಕಂಪ್ಯೂಟರಿನ ಮೇಲೆ ಎಳೆದರೆ ಗೆರೆ ನಡುಗುತ್ತಿತ್ತು. ಆಗ ಅತ್ತೆಯ ನೆನಪಾಯಿತು. ಆಕೆಗೂ ಹೊತ್ತು ಹೋದೀತು, ನನಗೂ ಕೆಲಸ ಆದೀತು ಎಂದು ಲೆಕ್ಕ ಹಾಕಿದೆ. ದೊಡ್ಡ ಹಾಳೆಗಳಲ್ಲಿ ಚಿತ್ರಗಳನ್ನು ಮುದ್ರಿಸಿಕೊಂಡು ಒಂದು ರವಿವಾರ ಎಸ್‌ಟಿ ಬಸ್ಸು ಹಿಡಿದೆ. ನಡುದಾರಿಯ ವಳಸಂಗದಲ್ಲಿ ಜನ ಇಳಿದು ಸೀಟು ಸಿಗುವವರೆಗೆ ಹಾಳೆಯ ಸುರುಳಿಯನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದೆ.

ಅತ್ತೆ ಹಾಳೆಯನ್ನು ಮೇಜಿನ ಮೇಲೆ ಹಾಸಿ, ನಾಲ್ಕು ಮೂಲೆಗೂ ತಟ್ಟೆ ಲೋಟ ಇಟ್ಟು, ಭೂತಗನ್ನಡಿ ಹಿಡಿದು ಬಾಗಿದಳು.

"ಇದು ಯಾ ಊರ ಶಿವಾರ?" ಎಂದು, ಯಾವುದೋ ಹಳ್ಳಿಯ ಹೊಲಗಳೆಂದೇ ತಿಳಿದು ಕೇಳಿದಳು.

"ಊರ ಅಲ್ಲತ್ತಿ. ಗುರುಗ್ರಹದ ಚಂದ್ರ. ಯುರೋಪಾ ಅಂತಾರ."

"ಚಂದ್ರಗ ಬದು ಹಾಕಿದವರು ಯಾರು ಹಂಗಾರ?"

ಇಬ್ಬರೂ ನಕ್ಕೆವು. ಆಮೇಲೆ ನಾನು ಹಿಮ, ಸಮುದ್ರ, ಸೆಳೆತ ಎಲ್ಲ ಹೇಳಿದೆ. ಬ್ಯಾಸಿಗೆಯಲ್ಲಿ ಕರಿ ಹೊಲ ಬಿರಿಯುತ್ತದಲ್ಲ, ಹಾಗೆ ಎಂದೆ. ಆಕೆ ಒಪ್ಪಲಿಲ್ಲ. "ಹೊಲ ಬಿರಿದ್ರ ಬಿರದೈತಿ ಅಷ್ಟ. ಇದು ಬಿರದು ಸರದೈತಿ. ಈ ಗೆರಿ ಇಲ್ಲಿಗಿ ಬಂದು ಕಡದು, ಅಲ್ಲಿ ಆ ಕಡಿ ಮತ್ತ ಹೊಂಟೈತಿ ನೋಡು," ಎಂದು ಬೆರಳಿಟ್ಟು ತೋರಿಸಿದಳು. ನಾನು ಒಂದು ವರ್ಷ ಓದಿ ಕಲಿತದ್ದನ್ನು ಆಕೆ ಹತ್ತು ನಿಮಿಷದಲ್ಲಿ ಕಂಡಿದ್ದಳು. ಆಗ ಅದು ನನಗೆ ತಮಾಷೆಯಾಗಿ ಕಂಡಿತು ಅಷ್ಟೇ.

ಮುಂದಿನ ಎಂಟು ಹತ್ತು ತಿಂಗಳು ನಾನು ತಿಂಗಳಿಗೆ ಎರಡು ರವಿವಾರ ಅಕ್ಕಲಕೋಟೆಗೆ ಹೋಗಿ ಬಂದೆ. ಅತ್ತೆ ಕೆಲಸವನ್ನು ಕಚೇರಿಯ ಕೆಲಸದ ಹಾಗೆಯೇ ಹಿಡಿದಳು. ಪ್ರತಿ ಹಾಳೆಗೂ ಮೊದಲು "ಬಿಸಲ ಯಾ ಕಡಿಂದ ಬಿದ್ದೈತಿ?" ಎಂದು ಕೇಳುತ್ತಿದ್ದಳು. ಬಿಸಿಲಿನ ದಿಕ್ಕು ಗೊತ್ತಿಲ್ಲದಿದ್ದರೆ ದಿಬ್ಬ ತಗ್ಗಾಗಿ ಕಾಣುತ್ತದೆ, ತಗ್ಗು ದಿಬ್ಬವಾಗಿ ಕಾಣುತ್ತದೆ. ಖಚಿತವಾದ ಗೆರೆ ಮಸಿಯಲ್ಲಿ ಇಡಿಯಾಗಿ, ಸಂಶಯದ್ದು ಚುಕ್ಕಿ ಚುಕ್ಕಿಯಾಗಿ. ಎರಡು ಹೊಲದವರು ಜಗಳವಾಡುವ ಕಡೆ ಕಚೇರಿಯಲ್ಲಿ ಹೇಗೆ ಮಾಡುತ್ತಿದ್ದರೋ ಹಾಗೆ.

ಒಂದು ದಿನ ಹೋದಾಗ ಆಕೆ ಎಳೆದ ಹಾಳೆಯೊಂದನ್ನು ಕತ್ತರಿಯಿಂದ ಉದ್ದಕ್ಕೂ ಕತ್ತರಿಸಿಬಿಟ್ಟಿದ್ದಳು.

"ಯಾಕ ಹರದಿ ಅತ್ತಿ?"

"ಹರದಿಲ್ಲ, ಕತ್ತರಿಸೀನಿ. ಇದು ಎರಡನೇ ಪ್ರತಿ, ಮೊದಲಿಂದು ಹಂಗಽ ಐತಿ. ಎರಡು ಊರಿನ ಗಡಿ ಒಂದಕ್ಕೊಂದು ಕೂಡದಿದ್ರ ನಾವು ಹಿಂಗಽ ಮಾಡತಿದ್ವಿ. ನೋಡು."

ದೊಡ್ಡ ಬಿರುಕಿನ ಗುಂಟ ಕತ್ತರಿಸಿದ್ದ ಹಾಳೆಯ ಒಂದು ಮಗ್ಗುಲನ್ನು ಮೆಲ್ಲಗೆ ಎರಡು ಬೆರಳಿನಷ್ಟು ಹಿಂದಕ್ಕೆ ಸರಿಸಿದಳು. ಕಡಿದುಹೋಗಿದ್ದ ಹಳೆಯ ಗೆರೆಗಳು ಒಂದೊಂದಾಗಿ ತಮ್ಮ ಜೋಡಿಯ ಎದುರು ಬಂದು ನಿಂತವು. ಬಿರುಕು ಬೀಳುವ ಮುಂಚೆ ಆ ನೆಲ ಹೇಗಿತ್ತೋ ಅದು ಅಕ್ಕಲಕೋಟೆಯ ಒಂದು ಮೇಜಿನ ಮೇಲೆ ಕಾಣುತ್ತಿತ್ತು. ದೊಡ್ಡ ವಿಜ್ಞಾನಿಗಳೂ ಮಾಡುವುದು ಇದನ್ನೇ ಎಂದು ಆ ದಿನ ಆಕೆಗೆ ಹೇಳಬಹುದಿತ್ತು. ಹೇಳಲಿಲ್ಲ. "ಚಲೋ ಆಗೈತಿ," ಎಂದಷ್ಟೇ ಅಂದು ಹಾಳೆ ಸುತ್ತಿಕೊಂಡು ಬಂದೆ.

ತೊಂದರೆ ಶುರುವಾದದ್ದು ಕಡೆಯ ಹಾಳೆಯಲ್ಲಿ. ನನ್ನ ಪ್ರಬಂಧಕ್ಕೆ ಅದೇ ಮುಖ್ಯ ಹಾಳೆ. ಪುಣೆಯಲ್ಲಿದ್ದ ನನ್ನ ಮಾರ್ಗದರ್ಶಕರು ಮುಂದಿನ ತಿಂಗಳೊಳಗೆ ಎಲ್ಲ ನಕಾಶೆ ಕೈಸೇರಬೇಕು ಎಂದಿದ್ದರು. ಅತ್ತೆ ಆ ಹಾಳೆಯನ್ನೂ ಕತ್ತರಿಸಿ ಸರಿಸಿ ನೋಡಿದ್ದಳು. ಎಷ್ಟು ಸರಿಸಿದರೂ ಒಂದು ಕಡೆ ಅದು ಕೂಡುತ್ತಿರಲಿಲ್ಲ.

"ಈ ಮಗ್ಗಲದಾಗ ಮೂರು ಗೆರಿ ಬರತಾವ. ಆ ಮಗ್ಗಲದಾಗ ಅವಕ್ಕ ಜೋಡಿ ಇಲ್ಲ. ಈ ಅಗಲ ಪಟ್ಟಿ ಐತೆಲ್ಲ, ಇದಕ್ಕ ಒಂದು ದಂಡಿ ಐತಿ, ಇನ್ನೊಂದು ದಂಡಿ ಇಲ್ಲ. ನಡುವಿಂದು ಏನೋ ಹೋಗೈತಿ."

"ಹೋಗೂದಂದ್ರ ಎಲ್ಲಿ ಹೋಗತೈತಿ ಅತ್ತಿ?"

"ಅದು ನನಗೇನು ಗೊತ್ತು? ಯಾರೋ ನುಂಗ್ಯಾರ." ಆಮೇಲೆ ಸ್ವಲ್ಪ ಯೋಚಿಸಿ ಕೇಳಿದಳು, "ಬಿರಕ ಬಿಟ್ಟಲ್ಲೆ ಕೆಳಗಿಂದ ಹೊಸಾ ಹಿಮ ಬರತೈತಿ ಅಂದಿಯೆಲ್ಲ. ಹೊಸಾ ನೆಲಾ ಇಷ್ಟು ಹುಟ್ಟಿದ್ರ ಹಳೀದು ಎಲ್ಲಿಗಿ ಹೋತು? ಚಂದ್ರ ಏನು ಉಬ್ಬಾಕತ್ತಾನೇನು?"

ಇದೇ ಪ್ರಶ್ನೆಯನ್ನು ನಾನು ಬೇರೆಯವರ ಬರಹಗಳಲ್ಲಿ ಓದಿದ್ದೆ. ಯುರೋಪಾದಲ್ಲಿ ನೆಲ ಹೊಸದಾಗಿ ಹುಟ್ಟಿದ ಗುರುತುಗಳು ಎಲ್ಲ ಕಡೆಗೂ ಇದ್ದವು, ಹಳೆಯದು ಅಳಿದ ಗುರುತು ಸರಿಯಾಗಿ ಸಿಕ್ಕಿರಲಿಲ್ಲ. ನನ್ನ ಪ್ರಬಂಧದಲ್ಲಿ ಆ ಮಾತಿಗೆ ಜಾಗವಿರಲಿಲ್ಲ. ಅಲ್ಲಿ ಬರೀ ಸರಿದದ್ದರ ಲೆಕ್ಕ, ಎಲ್ಲ ಗೆರೆಗೂ ಜೋಡಿ ಇರಬೇಕಾದ ಲೆಕ್ಕ. ಅತ್ತೆ ಹೇಳಿದ್ದನ್ನು ಒಪ್ಪಿದರೆ ಎರಡು ಅಧ್ಯಾಯ ತಿರುಗಿ ಬರೆಯಬೇಕಾಗುತ್ತಿತ್ತು.

ಚಿತ್ರದ ಆ ಭಾಗ ನೆರಳಿನಲ್ಲಿದ್ದು ಮಸುಕಾಗಿತ್ತು. "ಇಲ್ಲಿ ನೆರಳೈತಿ ಅತ್ತಿ. ಗೆರಿ ಅದಾವ, ಕಾಣವಲ್ವು ಅಷ್ಟ. ಮೂರೂ ಮುಂದ ಎಳದುಬಿಡು," ಎಂದೆ.

"ಇಲ್ಲದ ಬದು ನಾ ಹೆಂಗ ಎಳೀಲಿ?"

"ಎಳದ್ರ ಏನಾಗತೈತಿ? ಯಾರ ಹೊಲಾ ಹೋಗತೈತಿ?"

"ಚುಕ್ಕಿ ಹಾಕತೀನಿ. ಚುಕ್ಕಿ ಹಾಕಿದ್ರ ಸಂಶಯ ಐತಿ ಅಂತ ನೋಡಿದವರಿಗಿ ತಿಳೀತೈತಿ."

"ಚುಕ್ಕಿ ನಡೆಯಾಂಗಿಲ್ಲ. ಇಡೀ ಗೆರಿ ಬೇಕು."

ಆಕೆ ಲೇಖನಿ ಕೆಳಗಿಟ್ಟಳು. ನಾನು ಸಿಟ್ಟಿನಲ್ಲಿ ಅಂದೆ: "ಇದು ಅಕ್ಕಲಕೋಟಿ ತಾಲೂಕ ಅಲ್ಲತ್ತಿ. ಇದರಾಗಿಂದು ನಿನಗ ತಿಳಿಯೂದಿಲ್ಲ."

ಅತ್ತೆ ಮಸಿಯ ಬಾಟಲಿಗೆ ಮುಚ್ಚಳ ಹಾಕಿದಳು. ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಅಂಚು ಸಮ ಮಾಡಿ, ಸುತ್ತಿ, ದಾರ ಕಟ್ಟಿ ಕೈಗೆ ಕೊಟ್ಟಳು. ಊಟ ಮಾಡಿ ಹೋಗು ಎಂದಳು. ನಾನು ಹೊತ್ತಾಯಿತೆಂದು ಹೊರಟುಬಂದೆ. ಹೊತ್ತೇನೂ ಆಗಿರಲಿಲ್ಲ.

ಮನೆಯಲ್ಲಿ ನಾನೇ ಕೂತು ಆ ಮೂರು ಗೆರೆ ಎಳೆದೆ. ಕೈ ನಡುಗದಂತೆ ಅಳತೆಪಟ್ಟಿ ಇಟ್ಟುಕೊಂಡೆ. ಐದು ನಿಮಿಷದ ಕೆಲಸ. ನಕಾಶೆ ಚೆನ್ನಾಗಿ ಕೂಡಿತು. ಮಾರ್ಗದರ್ಶಕರು ಬಹಳ ಅಚ್ಚುಕಟ್ಟಾಗಿದೆ ಎಂದು ಹೊಗಳಿದರು. ಪದವಿ ಬಂತು. ಪ್ರಬಂಧದ ಮೊದಲ ಪುಟದಲ್ಲಿ ಮಾರ್ಗದರ್ಶಕರಿಗೆ, ಗ್ರಂಥಾಲಯದವರಿಗೆ, ಗಂಡನಿಗೆ, ಬೆರಳಚ್ಚು ಮಾಡಿದವರಿಗೆ ಧನ್ಯವಾದ ಹೇಳಿದ್ದೇನೆ. ಅತ್ತೆಯ ಹೆಸರು ಅಲ್ಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ನಿವೃತ್ತ ಟ್ರೇಸರ್ ಒಬ್ಬಳಿಂದ ಮಾಡಿಸಿದ್ದು ಎಂದು ಪರೀಕ್ಷಕರಿಗೆ ತಿಳಿದರೆ ಪ್ರಬಂಧ ಹಗುರವಾಗಿ ಕಂಡೀತೇನೋ ಎಂದು ಬಿಟ್ಟೆ.

ಪದವಿ ಬಂದ ಖುಷಿಗೆ ಸೊಲ್ಲಾಪುರದ ಮನೆಯಲ್ಲಿ ಊಟ ಇಟ್ಟುಕೊಂಡಿದ್ದೆವು. ಅತ್ತೆಯೂ ಬಂದಿದ್ದಳು. ಬರುವಾಗ ನನಗೊಂದು ಇಳಕಲ್ ಸೀರೆ ತಂದಿದ್ದಳು. ಶೇಂಗಾ ಹೋಳಿಗೆ ಬಡಿಸುವ ಗದ್ದಲದಲ್ಲಿ ಆಕೆ ಮೂಲೆಯ ಕುರ್ಚಿಯಲ್ಲಿ ಕೂತು ಪ್ರಬಂಧದ ಪುಟ ತಿರುವುತ್ತಿದ್ದುದನ್ನು ಕಂಡೆ. ಇಂಗ್ಲಿಷ್ ಆಕೆಗೆ ಅಷ್ಟಕ್ಕಷ್ಟೇ. ನಕಾಶೆಗಳ ಹತ್ತಿರ ಮಾತ್ರ ನಿಲ್ಲುತ್ತಿದ್ದಳು. ನಾನು ಹತ್ತಿರ ಹೋದಾಗ ಕಡೆಯ ನಕಾಶೆಯ ಮೇಲೆ ಬೆರಳಿಟ್ಟಿದ್ದಳು.

"ಈ ಮೂರು ನನ್ನ ಕೈಯ್ಯಾವಲ್ಲ," ಎಂದಳು, ನನಗಷ್ಟೇ ಕೇಳುವಂತೆ.

"ಹೌದತ್ತಿ. ನಾನಽ ಎಳದೆ."

"ಅಳತೆಪಟ್ಟಿ ಇಟ್ಟೀದಿ. ಅದಕ್ಕ ಗೊತ್ತಾತು." ಪುಸ್ತಕ ಮುಚ್ಚಿ ನನ್ನ ಕೈಗಿಟ್ಟು, ಹೋಳಿಗೆಗೆ ತುಪ್ಪ ಹಾಕಿಸಿಕೊಂಡಳು. ಯಾರ ಮುಂದೂ ಎತ್ತಿ ಆಡಲಿಲ್ಲ.

ಅಲ್ಲಿಂದ ಏಳೆಂಟು ವರ್ಷ ನಾವು ಹಬ್ಬಕ್ಕೆ, ಮದುವೆಗೆ ಭೇಟಿಯಾದೆವು. ಮಾತು ನಿಂತಿರಲಿಲ್ಲ, ಮುನಿಸೂ ಇರಲಿಲ್ಲ. ಆದರೆ ನಾನು ಮತ್ತೆ ಹಾಳೆ ತೆಗೆದುಕೊಂಡು ಹೋಗಲಿಲ್ಲ. ಬಡ್ತಿ ಸಿಕ್ಕಿತು, ಸಂಶೋಧನೆ ಹಿಂದೆ ಬಿತ್ತು. ನಮ್ಮ ವಿಭಾಗ ಹೊಸ ಕಟ್ಟಡಕ್ಕೆ ಹೋದಾಗ ಕಪಾಟು ಖಾಲಿ ಮಾಡಿದೆ. ದಾರ ಕಟ್ಟಿದ ಆ ಸುರುಳಿಯೂ ಅದರಲ್ಲಿತ್ತು. ಬಿಚ್ಚಿ ನೋಡಲಿಲ್ಲ. ಹಳೆಯ ಉತ್ತರಪತ್ರಿಕೆಗಳ ಜೊತೆ ಅದನ್ನೂ ರದ್ದಿಗೆ ಹಾಕಿಸಿದೆ.

ಈಗ ಕೆಲವು ವರ್ಷಗಳ ಹಿಂದೆ, ಗುರುವಿನ ಚಂದ್ರರ ಕಡೆಗೆ ಹೊಸ ನೌಕೆಗಳು ಹೊರಟ ಸುದ್ದಿ ಬರತೊಡಗಿದಾಗ, ಎಂಎಸ್ಸಿ ಹುಡುಗಿಯರು ನನಗೆ ಯುರೋಪಾದ ಬಗ್ಗೆ ಒಂದು ಪಾಠ ಹೇಳಿರಿ ಎಂದು ಕೇಳಿದರು. ತಯಾರಿಗೆಂದು ಬಹಳ ದಿನದ ಮೇಲೆ ಓದಲು ಕೂತೆ. ನಾನು ಓದುವುದು ಬಿಟ್ಟಿದ್ದ ಕಾಲದಲ್ಲಿ ಬೇರೆ ದೇಶದ ಕೆಲವರು, ಆ ಚಂದ್ರನ ಇನ್ನೊಂದು ಪ್ರದೇಶದ ಚಿತ್ರಗಳನ್ನು ತುಂಡು ತುಂಡಾಗಿ ಮಾಡಿ ಹಿಂದಕ್ಕೆ ಸರಿಸಿ ನೋಡಿದ್ದರು. ನಡುವೆ ದೊಡ್ಡ ತುಣುಕು ಕಾಣೆಯಾಗಿದೆ, ಒಂದು ಮಗ್ಗುಲ ಹಿಮ ಇನ್ನೊಂದರ ಅಡಿಗೆ ಇಳಿದಿರಬೇಕು ಎಂದು ಬರೆದಿದ್ದರು. ಎಲ್ಲರೂ ಒಪ್ಪಿರಲಿಲ್ಲ. ಆದರೆ ಎಲ್ಲರೂ ಅದನ್ನು ಗಂಭೀರವಾಗಿ ತೆಗೆದುಕೊಂಡಿದ್ದರು. ಅವರ ನಕಾಶೆಯಲ್ಲಿ ಜೋಡಿಯಿಲ್ಲದ ಗೆರೆಗಳು ಜೋಡಿಯಿಲ್ಲದೆ ನಿಂತಿದ್ದವು. ಅದನ್ನು ನೋಡುತ್ತ ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಪಾಠದ ಗಂಟೆ ಹೊಡೆದದ್ದು ಕೇಳಲಿಲ್ಲ, ಹುಡುಗಿಯರೇ ಕರೆಯಲು ಬಂದರು.

ಮಾರನೆಯ ದಿನ ರಜೆ ಹಾಕಿ ಅಕ್ಕಲಕೋಟೆಗೆ ಹೋದೆ. ಅತ್ತೆಗೆ ಆಗ ಎಪ್ಪತ್ತೈದು ದಾಟಿತ್ತು. ಅಷ್ಟರಲ್ಲಿ ಆಕೆಯ ಕಣ್ಣು ಕೆಟ್ಟಿತ್ತು. ಪೂರ್ತಿ ಕುರುಡಲ್ಲ. ಅಂಚಿನಲ್ಲಿರುವುದು ಕಾಣುತ್ತಿತ್ತು, ನೇರ ನೋಡಿದ್ದು ಮಾತ್ರ ಕಾಣುತ್ತಿರಲಿಲ್ಲ. ಅದಕ್ಕೇ ಮುಖ ಸ್ವಲ್ಪ ಓರೆ ಮಾಡಿ ನನ್ನನ್ನು ನೋಡಿದಳು.

"ವಾರದ ನಡುವಽ ಬಂದೀಯೆಲ್ಲ, ಏನಾತು?"

"ಏನಿಲ್ಲತ್ತಿ. ನೀ ಹೇಳಿದ್ದು ಖರೇ ಇತ್ತು."

"ಯಾವುದು?"

"ಆ ಚಂದ್ರಂದು. ನಡುವಿಂದು ಹೋಗೈತಿ ಅಂದಿದ್ದಿಯೆಲ್ಲ. ಹಂಗ ಹೋಗತೈತಿ ಅಂತ ಈಗ ದೊಡ್ಡವರು ಹೇಳ್ಯಾರ. ನಾ ಸುಳ್ಳ ಗೆರಿ ಎಳದೆ. ನಿನ್ನ ಹೆಸರೂ ಹಾಕಲಿಲ್ಲ. ತಪ್ಪಾತು."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತಳೋ, ಕಣ್ಣಿನಲ್ಲಿ ನೀರು ಬರುವ ತೊಂದರೆಯೋ ತಿಳಿಯಲಿಲ್ಲ. ಆಮೇಲೆ ಕೇಳಿದ್ದು ನಾನು ನೆನೆಸಿದ್ದಲ್ಲ.

"ಯಾ ಮಗ್ಗಲದು ಕೆಳಗ ಹೋಗೈತಿ ಅಂದ್ರು?"

ನಾನು ಹೇಳಿದೆ. ಅವರದು ಬೇರೆ ಜಾಗ, ನಮ್ಮ ಹಾಳೆಯ ಜಾಗವನ್ನು ಯಾರೂ ಹಾಗೆ ನೋಡಿದಂತಿಲ್ಲ ಎಂದೆ. ಆಕೆ ನೆಟ್ಟಗೆ ಕೂತಳು.

"ಹಂಗಾದ್ರ ನನ್ನ ಕಾಗದ ತಗದು ನೋಡು. ತಂದೀಯೇನು?"

"ಇಲ್ಲತ್ತಿ. ರದ್ದಿಗಿ ಹೋತು."

"ಕತ್ತರಿಸಿದ್ದೂ?"

"ಎಲ್ಲಾ."

ಕೆಳಗಿನ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದಾಗ ಆಕೆ ಎದ್ದು ಚಹಾಕ್ಕೆ ನೀರಿಟ್ಟಳು.

ಮುಂದಿನ ರವಿವಾರ ಅದೇ ಚಿತ್ರವನ್ನು ಮತ್ತೆ ಮುದ್ರಿಸಿಕೊಂಡು ಹೋದೆ. ಈ ಸಲ ಎಳೆಯುವವಳು ನಾನು, ಹೇಳುವವಳು ಆಕೆ. "ಕೈ ಹಗೂರ ಇಡು. ಗೆರಿನ ದಬ್ಬಬ್ಯಾಡ, ಅದರ ಹಿಂದ ಹೋಗು," ಎನ್ನುತ್ತಿದ್ದಳು. ಎಲ್ಲಿದ್ದೀ, ಪಕ್ಕದಲ್ಲಿ ಏನಿದೆ, ಗೆರೆ ದಪ್ಪವೋ ಸಣ್ಣದೋ ಎಂದು ಕೇಳುತ್ತಿದ್ದಳು. ನಾಲ್ಕು ರವಿವಾರ ಹೀಗೆ ಮಾಡಿದೆವು. ಕತ್ತರಿಸಿ ಸರಿಸಿದಾಗ ನನ್ನ ಗೆರೆಗಳು ಎಷ್ಟೋ ಕಡೆ ಕೂಡಲಿಲ್ಲ. ಅಲ್ಲಿ ನಿಜವಾಗಿ ನೆಲ ಕಾಣೆಯಾಗಿದೆಯೋ, ನನ್ನ ಕೈಯೇ ತಪ್ಪಿದೆಯೋ ಹೇಳಲು ಬರುತ್ತಿರಲಿಲ್ಲ. ಅತ್ತೆಯ ಹಾಳೆ ಇದ್ದಿದ್ದರೆ ಗೊತ್ತಾಗುತ್ತಿತ್ತು.

ಅಷ್ಟು ಹೊತ್ತಿಗೆ ನಿವೃತ್ತರಾಗಿದ್ದ ಮಾರ್ಗದರ್ಶಕರಿಗೆ ಎಲ್ಲವನ್ನೂ ಬರೆದೆ. ಚಿತ್ರವೇ ಮಸುಕು, ಹಾಗೆಂದೂ ಹೇಳಲಾಗದು ಹೀಗೆಂದೂ ಹೇಳಲಾಗದು, ಹೊಸ ನೌಕೆ ಹೋಗಿ ಸ್ಪಷ್ಟ ಚಿತ್ರ ಕಳಿಸಲಿ, ಈಗ ಅದನ್ನು ಕೆದಕಬೇಡಿ ಎಂದು ಉತ್ತರ ಬಂತು. ಅವರ ಮಾತು ತಪ್ಪೇನಲ್ಲ. ಆದರೂ ಒಂದು ಹಾಳೆಯಲ್ಲಿ ನಡೆದದ್ದನ್ನು ನಡೆದಂತೆ ಬರೆದು, ಅತ್ತೆಯ ಹೆಸರು ಹಾಕಿ, ಸಹಿ ಮಾಡಿ, ಕಾಲೇಜಿನ ಗ್ರಂಥಾಲಯದಲ್ಲಿರುವ ನನ್ನ ಪ್ರಬಂಧದ ಪ್ರತಿಯೊಳಗೆ ಅಂಟಿಸಿದ್ದೇನೆ. ಅದನ್ನು ಈವರೆಗೆ ಯಾರೂ ತೆರೆದ ಹಾಗಿಲ್ಲ.

ಇದನ್ನು ಹೇಳಲು ಹೋದಾಗ ಅತ್ತೆ "ಇರಲಿ" ಎಂದಳು. ಚಹಾ ಕುಡಿದಾದ ಮೇಲೆ, ಬಟ್ಟಲು ಕೆಳಗಿಡುತ್ತ, ಮುಖ ಓರೆ ಮಾಡಿ ನನ್ನ ಕಡೆ ತಿರುಗಿದಳು.

"ಅವತ್ತು ನಿನಗ ತಿಳಿಯೂದಿಲ್ಲ ಅಂದಿ. ಅದಕ್ಕ ನನಗ ಸಿಟ್ಟ ಬರಲಿಲ್ಲ. ಹೆಸರ ಹಾಕಲಿಲ್ಲ, ಅದಕ್ಕೂ ಇಲ್ಲ. ಮುಂದ ನೀ ಒಂದು ಕಾಗದಾನೂ ತರಲಿಲ್ಲ ನೋಡು. ಇಂದ ತರತಾಳ, ನಾಳಿ ತರತಾಳ ಅಂತ ಮಸಿ ಒಣಗದಂಗ ಇಟ್ಟಿದ್ದೆ. ಏಳು ವರ್ಷ ನನಗ ಕಣ್ಣ ಚಲೋ ಇದ್ವು."

ಕಾಗದಕ್ಕೇನೂ ಕೊರತೆ ಇರಲಿಲ್ಲ. ಗುರುವಿನದೇ ಇನ್ನೊಂದು ಚಂದ್ರ ಗ್ಯಾನಿಮೀಡ್ ಇತ್ತು, ಉತ್ತ ಹೊಲದಂತೆ ಸಾಲು ಸಾಲು ಗೆರೆಯದು. ಶನಿಯ ಚಂದ್ರಗಳಿದ್ದವು. ತಳದಲ್ಲಿ ನಾಲ್ಕು ಉದ್ದದ ಸೀಳು ಬಿಟ್ಟುಕೊಂಡು ನೀರಿನ ಆವಿ ಚಿಮ್ಮುವ ಎನ್ಸಿಲಾಡಸ್, ಬೆಳ್ಳನೆಯ ಹಿಮದ ಕಡಿಬಂಡೆಗಳ ಡಿಯೋನಿ. ಒಂದೊಂದಕ್ಕೂ ಒಂದೊಂದು ವರ್ಷ ಹಿಡಿಯುವಷ್ಟು ಕೆಲಸ. ಅವುಗಳ ಚಿತ್ರಗಳೆಲ್ಲ ನನ್ನ ಕಂಪ್ಯೂಟರಿನಲ್ಲಿ ಸುಮ್ಮನೆ ಬಿದ್ದಿದ್ದವು. ಒಂದು ಬಸ್ಸಿನ ದೂರದಲ್ಲಿ, ಆ ಗೆರೆಗಳನ್ನು ನನಗಿಂತ ಚೆನ್ನಾಗಿ ನೋಡಬಲ್ಲ ಒಬ್ಬಳು ಮಧ್ಯಾಹ್ನಗಳನ್ನು ಕಳೆಯುತ್ತಿದ್ದಳು.

ಈಗ ತಿಂಗಳಿಗೊಮ್ಮೆಯಾದರೂ ಹೋಗುತ್ತೇನೆ. ಆಕೆ ಕೇಳಿದರೆ ಆ ಚಂದ್ರರ ಬಗ್ಗೆ ಬಾಯಲ್ಲಿ ಹೇಳುತ್ತೇನೆ. ಸೀಳು ಎಷ್ಟು ಉದ್ದ, ಯಾವ ಮಗ್ಗುಲು ಎತ್ತರ, ಯಾವುದು ಯಾವುದನ್ನು ಕಡಿದಿದೆ ಎಂದು. ಬಾಯಲ್ಲಿ ಹೇಳಿದ್ದು ನಕಾಶೆಯಾಗುವುದಿಲ್ಲ, ಅದು ಇಬ್ಬರಿಗೂ ಗೊತ್ತು. ಒಮ್ಮೊಮ್ಮೆ ನಡುವೆ ತಡೆದು ಮತ್ತೆ ಹೇಳು ಎನ್ನುತ್ತಾಳೆ. ಒಮ್ಮೊಮ್ಮೆ ನಾನು ಹೇಳುತ್ತಿರುವಾಗಲೇ ಕುರ್ಚಿಯಲ್ಲಿ ನಿದ್ದೆ ಹೋಗುತ್ತಾಳೆ. ಆಗ ನಾನು ಬಟ್ಟಲುಗಳನ್ನು ತೊಳೆದಿಟ್ಟು, ಎಚ್ಚರವಾಗುವವರೆಗೆ ಕಾಯುತ್ತೇನೆ.